ಕೆಂಡಕ್ಕನ ಹಗ್ಗ

ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿದರೆ ಮೆಟ್ಟಿಲ ಕೆಳಗೊಂದು ಮೂಲೆ ಕಾಣುತ್ತದೆ. ಅಲ್ಲೊಂದು ಮರದ ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿರುವ ಬಿಳಿ ಬಟ್ಟೆ. ಮೇಜಿನ ಹಿಂದೆ ಒಬ್ಬ ಹೆಂಗಸು. ಆಕೆ ಕುಳಿತಿದ್ದನ್ನು ನಾನು ನೋಡಿಲ್ಲ, ಊಟವನ್ನೂ ನಿಂತೇ ಮುಗಿಸುತ್ತಾಳೆ. "ಒಂದು ಗಳಿಗೆ ಕೂತ್ಕೊಳೇ" ಎಂದರೆ, "ಕೂತ್ರೆ ಸುಕ್ಕು ಬೀಳುತ್ತೆ" ಎನ್ನುತ್ತಾಳೆ.

ಬೀದಿಯವರೆಲ್ಲ ಅವಳನ್ನು ಕೆಂಡಕ್ಕ ಎಂದೇ ಕರೆಯುವುದು. ಈ ಹೆಸರು ಹುಟ್ಟಿದಾಗಿನಿಂದ ಬಂದದ್ದಲ್ಲ, ಜಗಳದಿಂದ ಬಂದದ್ದು. ಆ ಜಗಳ ನನ್ನ ಕಣ್ಣ ಮುಂದೆಯೇ ನಡೆಯಿತು, ಹಾಗಾಗಿ ಹೇಳುವ ಹಕ್ಕು ನನಗಿದೆ. ನಾನು ಈ ಸಿದ್ಧ ಉಡುಪಿನ ಅಂಗಡಿಯಲ್ಲಿ ಬಟ್ಟೆ ಮಾರುವವಳು. ಬೀದಿಗೆಲ್ಲ ನಾನು 'ಕೌಂಟರ್ ಹುಡುಗಿ'. ನನ್ನ ಮಗಳಿಗೇ ಮದುವೆಯ ವಯಸ್ಸಾಯಿತು, ಆದರೂ ಹುಡುಗಿ ಎಂಬ ಪದವಿ ನನ್ನನ್ನು ಬಿಟ್ಟು ಹೋಗಿಲ್ಲ.

ಅಂಗಡಿಯ ಯಜಮಾನರು ಕೆಂಡಕ್ಕನ ಸೋದರಮಾವ. ಅವಳು 'ಮಾವ' ಎಂದು ಕರೆಯುವುದನ್ನು ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತೇನೆ, ಅರ್ಧ ಬೀದಿಯೂ ಹಾಗೇ ಕರೆಯುತ್ತದೆ. ಬಾಗಿಲ ಮೇಲೆ ಅವರು ಹಾಕಿಸಿದ ಬೋರ್ಡು ಇದೆ: 'ವಾರಕ್ಕೊಂದು ಹೊಸದು! ಹಳೆಯದನ್ನು ಎಸೆಯಿರಿ!' ಕೆಂಪು ಅಕ್ಷರ, ಸುತ್ತ ಮಿಣುಕುವ ದೀಪ. ಈ ಮಾವ ಮೊದಲು ಇದೇ ಜಾಗದಲ್ಲಿ ದರ್ಜಿಯಾಗಿದ್ದವರು. ಸಿದ್ಧ ಉಡುಪು ಬಂದಾಗ ಬೀದಿಯ ಉಳಿದ ದರ್ಜಿಗಳು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಮಾವ ಮಾತ್ರ ಹೊಲಿಗೆ ಯಂತ್ರವನ್ನು ಮಹಡಿಗೆ ಸಾಗಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಬೇಲು ಎಂಬ ಬಿಗಿದ ದೊಡ್ಡ ಮೂಟೆಗಳಲ್ಲಿ ಅಗ್ಗದ ಮಾಲು ತರಿಸಿ ಉಳಿದುಕೊಂಡರು. ಅವರನ್ನು ಬೈಯುವುದು ಸುಲಭ. ಆದರೆ ಉಳಿಯುವುದಕ್ಕೂ ಹಟ ಬೇಕು, ಮತ್ತು ಆ ಹಟ ಅವರ ಮನೆತನದಲ್ಲೇ ಇದೆ.

ಕೆಂಡಕ್ಕನಲ್ಲಂತೂ ಎರಡು ಪಾಲು ಇದೆ. ಗಂಡ ಮೊದಲ ಸಲ ಕೈ ಮಾಡಿದ ಮಾರನೆಯ ಬೆಳಿಗ್ಗೆ, ಮನೆಯಲ್ಲಿದ್ದ ಅವನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿ, ಒಪ್ಪವಾಗಿ ಮಡಿಸಿಟ್ಟು, ಟ್ರಂಕು ಹಿಡಿದು ಹೊರಟು ಬಂದಳಂತೆ. "ಅವನಿಗೆ ಇಸ್ತ್ರಿ ಬೇರೆ ಕೇಡು!" ಎಂದು ನಾನು ಒಮ್ಮೆ ಸಿಟ್ಟಾದೆ. "ಕೆಲಸ ಅರ್ಧಕ್ಕೆ ಬಿಟ್ಟು ಓಡಿಹೋದ್ಲು ಅಂತ ಯಾರೂ ಅನ್ನಬಾರ್ದಲ್ಲ" ಎಂದಳು.

"ನಮ್ಮಕ್ಕನ ಮಗಳು ಬೀದೀಲಿ ನಿಲ್ಲೋದು ಬೇಡ" ಎಂದು ಮಾವ ಈ ಮೆಟ್ಟಿಲ ಕೆಳಗಿನ ಮೂಲೆ ಕೊಟ್ಟರು. ಅಂಗಡಿಯಿಂದ ಒಂದು ವೈರು ಎಳೆದು ಇಸ್ತ್ರಿ ಪೆಟ್ಟಿಗೆಗೆ ಕರೆಂಟು ಕೊಟ್ಟರು. ಬಾಡಿಗೆ ಬೇಡವೆಂದರು. ಅವಳು ಬಿಟ್ಟಿ ತೆಗೆದುಕೊಳ್ಳುವವಳಲ್ಲ. ಬೇಲಿನಲ್ಲಿ ಮುದ್ದೆಯಾಗಿ ಬರುವ ನಮ್ಮ ಅಂಗಡಿಯ ಹೊಸ ಮಾಲಿಗೆಲ್ಲ ಅವಳೇ ಇಸ್ತ್ರಿ ಹಾಕಿಕೊಡುವುದೆಂದು ಮಾತಾಯಿತು. ಸ್ಟ್ಯಾಂಡಿನಲ್ಲಿ ಗರಿಗರಿ ಎನ್ನುವ ನಮ್ಮ ಬಟ್ಟೆಗಳ ಅರ್ಧ ಚೆಲುವು ಅವಳ ಕೈಯದು, ಮನೆಗೆ ಹೋಗಿ ಒಮ್ಮೆ ನೀರು ಕಂಡರೆ ಆ ಚೆಲುವು ಇಳಿಯುತ್ತದೆ. ಮಾರುವವಳು ನಾನು, ನನಗೆ ಗೊತ್ತಿಲ್ಲವೇ.

ಎಲ್ಲ ಸರಿಯಾಗಿಯೇ ಇತ್ತು, ಒಂದು ಸಂಜೆಯ ತನಕ.

ಇಸ್ತ್ರಿಯವರಿಗೆ ಒಂದು ಪದ್ಧತಿಯಿದೆ. ಯಾವ ಮನೆಯ ಬಟ್ಟೆ ಯಾವುದೆಂದು ಗುರುತು ಸಿಗಲು ಗುಂಡಿಯ ಕಾಜಕ್ಕೆ ಬಣ್ಣದ ನೂಲು ಕಟ್ಟುತ್ತಾರೆ. ಬಸ್ ಡ್ರೈವರ್ ಮನೆಗೆ ಹಸಿರು, ಸಲೂನಿನವನ ಮನೆಗೆ ನೀಲಿ. ಮೂಲೆಯ ಟ್ಯೂಬ್‌ಲೈಟು ಹಳೆಯದು, ಅದರ ಬೆಳಕಿನಲ್ಲಿ ಹಸಿರು ಯಾವುದು, ನೀಲಿ ಯಾವುದು ತಿಳಿಯುವುದಿಲ್ಲ. ಅವಳು ಬೆಳಕಿರುವಾಗಲೇ ಗಂಟು ಕಟ್ಟಿ ಮುಗಿಸುತ್ತಾಳೆ. ಅಂದು ಕೆಲಸ ಹೆಚ್ಚಿತ್ತು, ಕತ್ತಲಾಯಿತು, ಡ್ರೈವರನ ಅಂಗಿ ಸಲೂನಿನವನ ಗಂಟಿಗೆ ಹೋಯಿತು, ಸಲೂನಿನವನದು ಡ್ರೈವರನ ಮನೆಗೆ.

ಗೊತ್ತಾದದ್ದು ಸಲೂನಿನವನ ಬಟ್ಟೆ ಮತ್ತೆ ಇಸ್ತ್ರಿಗೆ ಬಂದಾಗ. ಕಾಲರಿನ ಅಂಚು ನೋಡಿಯೇ, ಇದು ಡ್ರೈವರನದು ಎಂದು ಅವಳಿಗೆ ಹೊಳೆಯಿತು. ಮೇಜು ನನಗೆ ಒಪ್ಪಿಸಿ ಬಸ್ ನಿಲ್ದಾಣಕ್ಕೆ ಓಡಿದಳು. ಡ್ರೈವರು ಬಸ್ಸಿನ ಮುಂದೆ ನಿಂತು ಚಹಾ ಕುಡಿಯುತ್ತಿದ್ದ. ಮೈಮೇಲೆ ಸಲೂನಿನವನ ದೊಗಳೆ ಅಂಗಿ.

"ತಪ್ಪಾಗೋಯ್ತಣ್ಣ, ಬಿಚ್ಚಿಕೊಡಿ, ನಿಮ್ಮದು ತಂದಿದ್ದೀನಿ" ಎಂದಳು.

"ತಪ್ಪಾ? ಅಕ್ಕಾ, ಹಳೇ ಅಂಗೀಲಿ ಸ್ಟೇರಿಂಗ್ ತಿರುಗಿಸಿದ್ರೆ ಗುಂಡಿ ಹಾರಿ ಗಾಜಿಗೆ ಬೀಳ್ತಿತ್ತು. ನನ್ನ ಹೊಟ್ಟೆ ಉಸಿರಾಡ್ತಿರೋದೇ ಈ ವಾರ. ಸತ್ರೂ ಕೊಡಲ್ಲ!"

ಸಲೂನಿನವನ ಕತೆಯೂ ಅದೇ. ಅವನು ಕಡ್ಡಿಯಂತಿರುವ ಮನುಷ್ಯ, ಆ ದೊಗಳೆ ಅಂಗಿ ಭಾವಮೈದುನ ಕೊಟ್ಟ ಉಡುಗೊರೆ. "ಅದನ್ನ ಹಾಕ್ಕೊಂಡ್ರೆ ಗಿರಾಕಿಗೆ ಹೊದಿಸೋ ಬಟ್ಟೆ ನಾನೇ ಹೊದ್ದ ಹಾಗಿರ್ತಿತ್ತು ಕಣಕ್ಕ. ಈ ಡ್ರೈವರಂದು ನೋಡು, ಹೇಳಿ ಹೊಲಿಸಿದ ಹಾಗಿದೆ. ನೀನು ತಪ್ಪು ಮಾಡ್ಲಿಲ್ಲ, ತಪ್ಪು ತಿದ್ದಿದೆ" ಎಂದುಬಿಟ್ಟ.

ಅಂದು ಅವಳು ಮೇಜಿಗೆ ಮರಳಿದಾಗ ಮುಖದಲ್ಲಿ ಬೇರೆಯೇ ಕಳೆಯಿತ್ತು. ಇಸ್ತ್ರಿಯವಳಿಗೆ ಬೀದಿಯ ಬೀರುಗಳೆಲ್ಲ ತೆರೆದ ಬಾಗಿಲು. ಯಾವ ಕೋಟು ವರ್ಷಕ್ಕೊಮ್ಮೆ ಮಾತ್ರ ಬಂದು ಹೋಗುತ್ತದೆ, ಯಾವ ಮಗುವಿನ ಫ್ರಾಕು ಅಳತೆ ಮೀರಿದೆ, ಯಾವ ಅಂಗಿ ಬೀರುವಿನ ಸುಕ್ಕನ್ನು ಮಾತ್ರ ಹೊತ್ತು ಬರುತ್ತದೆ, ಬೆವರಿನ ಗುರುತೇ ಇರುವುದಿಲ್ಲ, ಎಲ್ಲವೂ ಅವಳಿಗೆ ಗೊತ್ತು. "ಈ ಬೀದಿಯ ಅರ್ಧ ಬಟ್ಟೆ ತಪ್ಪು ಮನೇಲಿದೆ ಕಣೇ" ಎಂದಳು ನನಗೆ. "ಹೊಸದು ಯಾಕೆ ಬೇಕು? ಇರೋದು ಸರಿಯಾದ ಮೈಗೆ ಹೋದ್ರೆ ಸಾಕು."

ಮರುದಿನ ಮೆಟ್ಟಿಲ ಕಂಬಿಯಿಂದ ಬೀದಿದೀಪದ ಕಂಬಕ್ಕೆ ಒಂದು ಹಗ್ಗ ಬಂತು. ನಿಯಮ ಎರಡೇ. ಒಂದು ಹಾಕು, ಒಂದು ತಗೋ. ಎರಡನೆಯದು, ಹಾಕುವ ಬಟ್ಟೆಯನ್ನು ಮೊದಲು ಅವಳ ಕೈಗೆ ಕೊಡಬೇಕು. ಅವಳು ಕಂಕುಳ ಹೊಲಿಗೆಯ ಎರಡು ಪಕ್ಕ ಹೆಬ್ಬೆರಳಿಟ್ಟು ಜಗ್ಗಿ ನೋಡುತ್ತಾಳೆ. ತಡೆದರೆ ಇಸ್ತ್ರಿ ಹಾಕಿ ಹಗ್ಗಕ್ಕೆ ತೂಗುಹಾಕುತ್ತಾಳೆ, ಬಿಟ್ಟರೆ ವಾಪಸು. "ನಂಬಿ ತಗೊಂಡು ಹೋದವರು ಬೀದಿ ಮಧ್ಯೆ ಹರ್ಕೊಂಡು ನಿಲ್ಲಬಾರ್ದು" ಎನ್ನುತ್ತಾಳೆ.

ಮೊದಮೊದಲು ಮೂಗು ಮುರಿದವರೇ ಹೆಚ್ಚು. ಇನ್ನೊಬ್ಬರ ಮೈಮೇಲಿದ್ದದ್ದು, ಛೀ, ಎಂದರು. ಒಬ್ಬ ಹೆಂಗಸು ಎರಡು ಬೆರಳಲ್ಲಿ ಸ್ವೆಟರು ಎತ್ತಿ ಹಿಡಿದು, "ಇದನ್ನ ಯಾರು ಹಾಕ್ಕೊಂಡಿದ್ರೋ ಏನೋ" ಎಂದಳು. ನಮ್ಮವಳು ಕಂಬಳಿಯ ಮೇಲೆ ಇಸ್ತ್ರಿ ನಿಲ್ಲಿಸಿ ಕೇಳಿದಳು: "ಬಸ್ಸಲ್ಲಿ ಇನ್ನೊಬ್ಬರು ಕೂತೆದ್ದ ಸೀಟಲ್ಲಿ ಕೂರ್ತೀರಿ. ಹೋಟ್ಲಲ್ಲಿ ಊರೆಲ್ಲ ಬಾಯಿಗಿಟ್ಟ ಚಮಚ ಬಾಯಿಗಿಡ್ತೀರಿ. ಒಗೆದು, ನಾನು ಕಾದ ಇಸ್ತ್ರಿ ಎಳೆದಿರೋ ಸ್ವೆಟರಿಗೆ ಛೀನಾ?" ಆ ಹೆಂಗಸು ಸ್ವೆಟರು ತೆಗೆದುಕೊಂಡೇ ಹೋದಳು. ಮರುವಾರ ತಂಗಿಯನ್ನೂ ಕರೆತಂದಳು.

ಹಗ್ಗ ತುಂಬಿತು. ಬೀದಿಯಲ್ಲಿ ಹೊಸ ಆಟ ಶುರುವಾಯಿತು. ಯಾರ ಅಂಗಿ ಯಾರ ಮೈಮೇಲೆ ಎಂದು ಗುರುತಿಸಿ ನಗುವುದು, "ನಿನ್ನ ಕೋಟು ನಿನ್ನೆ ಬ್ಯಾಂಕಿಗೆ ಹೋಗಿತ್ತು ಕಣೋ" ಎಂದು ರೇಗಿಸುವುದು. ನಮ್ಮ ಅಂಗಡಿಯ ಬಾಗಿಲು ದಾಟುವವರು ಕಡಿಮೆಯಾದರು. ವಾರಕ್ಕೊಂದು ಹೊಸದು ಬರುತ್ತಿತ್ತು, ಹಿಂದಿನ ವಾರದ ಹೊಸದು ಖಾಲಿಯಾಗಿರುತ್ತಿರಲಿಲ್ಲ. ನಾನು ಧೂಳು ಕೊಡವುತ್ತ ನಿಲ್ಲುತ್ತಿದ್ದೆ, ಮಾವ ಗಾಜಿನಾಚೆಯ ಹಗ್ಗವನ್ನು ನೋಡುತ್ತ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಅವರಿಗೆ ತಡೆಯಲಾಗಲಿಲ್ಲ, ಹೊರಗೆ ಹೋದರು. ನಾನೂ ಪೊರಕೆ ಹಿಡಿದು ಬಾಗಿಲಿಗೆ ಬಂದೆ, ಗುಡಿಸುವ ನೆಪಕ್ಕೆ.

"ಏನೇ ಇದು? ನನ್ನ ಅಂಗಡಿ ಮುಂದೇನೇ ನನ್ನ ವ್ಯಾಪಾರಕ್ಕೆ ನೇಣು ಕಟ್ಟಿದ್ದೀಯಲ್ಲ!"

"ಬಟ್ಟೆ ಅದಲು ಬದಲು ಮಾಡ್ಕೋತಾರೆ ಮಾವ. ಯಾರೂ ಯಾರಿಗೂ ಮಾರ್ತಿಲ್ಲ."

"ಅದೇ ನಾನು ಹೇಳ್ತಿರೋದು! ಮಾರೋದು ನಾನು! ಉಂಡ ಮನೆಗೆ ಎರಡು ಬಗೀತೀಯಾ? ಈ ಮೂಲೆ ಕೊಟ್ಟವನು ಯಾರು? ಕರೆಂಟು ಕೊಟ್ಟವನು ಯಾರು?"

"ನೀವೇ ಮಾವ. ಅದಕ್ಕೇ ನಿಮ್ಮ ಮಾಲಿಗೆಲ್ಲ ನಾನು ಇಸ್ತ್ರಿ ಹಾಕ್ತಿರೋದು. ಋಣ ಮರೆತಿಲ್ಲ. ಆದ್ರೆ ಋಣ ಇದೆ ಅಂತ ಬಾಯಿಗೆ ಹೊಲಿಗೆ ಹಾಕ್ಕೊಳ್ಳೋಕಾಗಲ್ಲ. ಹಿಂದಿನ ಓಣಿಗೆ ಹೋಗಿ ನೋಡಿ. ಮೋರಿ ಕಟ್ಟಿಕೊಂಡಿರೋದು ಯಾತರಿಂದ? ನಿಮ್ಮ ಬೋರ್ಡು ಎಸೀರಿ ಅಂತು, ಜನ ಎಸೆದ್ರು. ಮೂರು ಒಗೆತಕ್ಕೆ ಬಾಯಿ ಬಿಡೋ ಬಟ್ಟೆ ಎಸೀದೆ ಇನ್ನೇನು ಮಾಡ್ತಾರೆ?"

ಮಾವನ ಮುಖ ಕಪ್ಪಿಟ್ಟಿತು. "ಹಗ್ಗ ಬಿಚ್ತೀಯೋ ಇಲ್ವೋ?"

"ಬಿಚ್ಚಲ್ಲ."

ಹಾಗೆ ನೇರವಾಗಿ ಅಂದುಬಿಟ್ಟಳು. ಮಾವ ಒಳಗೆ ಬಂದು ಮೇನ್ ಸ್ವಿಚ್ ಇಳಿಸಿ, ದರ್ಜಿಯಾಗಿದ್ದ ಕಾಲದ ತಮ್ಮ ದೊಡ್ಡ ಕತ್ತರಿಯನ್ನು ಡ್ರಾಯರಿನಿಂದ ತೆಗೆದು, ವೈರನ್ನು ಕತ್ತರಿಸಿದರು. ಆ ಕತ್ತರಿ ಹೊರಬಂದದ್ದನ್ನು ನಾನು ನೋಡಿದ್ದೇ ಅಂದು ಮೊದಲು. ಇಂಥ ಕೆಲಸಕ್ಕೆ ಬಂತಲ್ಲ ಎಂದು ನನಗೆ ಕೋಪ ಬಂತು. ಸಂಬಳ ಕೊಡುವವರ ಮುಂದೆ ಕೋಪವನ್ನು ನುಂಗಿಕೊಂಡೆ.

ಇಸ್ತ್ರಿ ಆರಿತು. ಅವಳು ಅತ್ತಳೇ? ಇಲ್ಲ. ಕೈಯಲ್ಲಿದ್ದ ಅಂಗಿಯನ್ನು ಆ ಉಳಿದ ಬಿಸಿಯಲ್ಲೇ ಮುಗಿಸಿ ಮಡಿಸಿದಳು.

ಮರುದಿನ ಅಂಚೆ ಅಜ್ಜ ಬಂದರು. ನಿವೃತ್ತ ಅಂಚೆಯವರು, ಎಷ್ಟೋ ವರ್ಷ ಈ ಬೀದಿಯ ಕಾಗದ ಹಂಚಿದ ಕಾಲು ಅವರದು. ಕೈಯಲ್ಲೊಂದು ಗೋಣಿಚೀಲ, ಒಳಗೆ ಹಿತ್ತಾಳೆಯ ಹಿಡಿಯಿದ್ದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ತೀರಿಹೋದ ಹೆಂಡತಿಯದು. "ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತಮ್ಮ. ನಿಯಮ ನಿಯಮವೇ, ಒಂದು ಹಾಕ್ತಿದ್ದೀನಿ, ಒಂದು ತಗೋತೀನಿ" ಎಂದು ಹಗ್ಗದಿಂದ ಒಂದು ಉಣ್ಣೆಯ ಮಫ್ಲರು ಆರಿಸಿಕೊಂಡು ಹೋದರು.

ಅಂದಿನಿಂದ ಅವಳು ಇದ್ದಿಲು ಊದಿ ಕೆಂಡ ಮಾಡಿ ಪೆಟ್ಟಿಗೆಗೆ ತುಂಬತೊಡಗಿದಳು. ಬೀದಿ ಅವಳಿಗೆ ಕೆಂಡಕ್ಕ ಎಂದು ಹೆಸರಿಟ್ಟಿತು. ಆ ಭಾರದ ಪೆಟ್ಟಿಗೆ ಎತ್ತಿ ಎತ್ತಿ ಸಂಜೆಗೆ ಅವಳ ಭುಜ ಇಳಿದುಹೋಗುತ್ತಿತ್ತು, ಹೊಗೆಗೆ ಕಣ್ಣು ಕೆಂಪಾಗುತ್ತಿತ್ತು. "ಸಾಕು ಮಾಡೇ, ಹಗ್ಗ ಬಿಚ್ಚಿ ಮಾವನ ಕಾಲಿಗೆ ಬಿದ್ದುಬಿಡು" ಎಂದೆ ಒಮ್ಮೆ, ಅವಳ ಪಾಡು ನೋಡಲಾರದೆ. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಹೊಸ ಬೇಲು ಬಂತು. ಕೆಂಡಕ್ಕ ತಾನೇ ಅಂಗಡಿಗೆ ಬಂದು ನಿಂತಳು. "ಕೊಡಿ ಮಾವ, ಇಸ್ತ್ರಿ ಹಾಕ್ತೀನಿ. ವೈರು ಕತ್ತರಿಸಿದ್ರಿ, ಅದು ನಿಮ್ಮಿಷ್ಟ. ಮೂಲೆಯಲ್ಲಿ ಇನ್ನೂ ನಿಂತಿದ್ದೀನಲ್ಲ, ಮಾತು ಮಾತೇ."

ಮಾವ ಒಂದು ಮೂಟೆ ಅಂಗಿ ನೂಕಿದರು. ಕರೆಂಟಿನ ಇಸ್ತ್ರಿಗೆ ಶಾಖ ಇಳಿಸುವ ತಿರುಪು ಇರುತ್ತದೆ. ಕೆಂಡಕ್ಕೆ ಎಲ್ಲಿಯದು? ಅವಳು ಬೂದಿ ಕೊಡವಿ, ಪೆಟ್ಟಿಗೆಯನ್ನು ಆರಿಸಿ, ಒದ್ದೆ ಬಟ್ಟೆ ಮೇಲೆ ಹಾಸಿ, ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದಳು. ಆದರೂ ಮೊದಲ ಅಂಗಿಯ ಬೆನ್ನು ಕಾದ ಹಾಲಿನ ಕೆನೆಯಂತೆ ಮುದುರಿ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬೀದಿಯ ಆ ತುದಿಯವರೆಗೆ ಹೋಯಿತು. ಡ್ರೈವರು ಮೂಗು ಮುಚ್ಚಿಕೊಂಡು, "ಯಾರಪ್ಪಾ ಬಕೆಟ್ಟಿಗೆ ಇಸ್ತ್ರಿ ಹಾಕ್ತಿರೋದು?" ಎಂದು ಕೂಗಿದ. ಜನ ನಕ್ಕರು.

ಮಾವ ಓಡಿ ಬಂದರು. "ಬೇಕೂಂತ ಸುಟ್ಟಿದ್ದೀಯ!"

"ಪಕ್ಕದಲ್ಲೇ ಸಲೂನಿನವರ ಅಂಗಿ ಇದೆ ನೋಡಿ, ಅದೇ ಪೆಟ್ಟಿಗೆ, ಅದೇ ಕೈ, ಅದಕ್ಕೇನೂ ಆಗಿಲ್ಲ. ಕೆಂಡಕ್ಕೆ ಸುಳ್ಳು ಹೇಳೋಕೆ ಬರಲ್ಲ ಮಾವ."

ಜನರ ಮುಂದೆ ಆದ ಅವಮಾನ. ಮಾವ ಹೇಳಿದರು: "ಮುಂದಿನ ಬೇಲು ಬಂದಾಗ ಈ ಮೂಲೆ ನನಗೆ ಬೇಕು, ಮಾಲಿಡೋಕೆ. ಅಷ್ಟರೊಳಗೆ ಹಗ್ಗ ಬಿಚ್ಚು, ಇಲ್ಲ ಮೇಜು ಎತ್ತು. ಅಕ್ಕನ ಮಗಳು ಅಂತ ನೋಡಲ್ಲ."

ಕೆಂಡಕ್ಕ ಪೆಟ್ಟಿಗೆಯ ತಳ ಕೆರೆಯುತ್ತ ನಿಂತಿದ್ದಳು. "ಮೇಜು ಎತ್ತೋ ದಿನ ಬಂದ್ರೆ ಎತ್ತಿಕೊಂಡು ಬೀದಿ ಮಧ್ಯೆ ನಿಲ್ತೀನಿ. ಹಗ್ಗ ಇರುತ್ತೆ" ಎಂದಳು.

ಬಾಯಲ್ಲಿ ಹಾಗೆಂದಳು, ಆದರೆ ಈ ಮೂಲೆ ಬಿಟ್ಟರೆ ಅವಳಿಗೆ ಬೇರೆ ಜಾಗವಿರಲಿಲ್ಲ. ಬೀದಿ ಮಧ್ಯೆ ಇಸ್ತ್ರಿ ಮೇಜು ಇಡಲು ಯಾರು ಬಿಡುತ್ತಾರೆ? ಅವಳಿಗೂ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು. ನಮ್ಮ ಮೂವರಿಗೂ ಊಟ ರುಚಿಸದ ದಿನಗಳು ಅವು. ಮಹಡಿಯ ಮೇಲಿಂದ ಅತ್ತೆ, ಅಂದರೆ ಮಾವನ ಹೆಂಡತಿ, ದಿನಾ ಬೆಳಿಗ್ಗೆ ಇಳಿದು ಬಂದು ಕೆಂಡಕ್ಕನ ಮೇಜಿನಡಿ ಇದ್ದಿಲಿನ ಪೊಟ್ಟಣ ಇಟ್ಟು, ಏನೂ ತಿಳಿಯದವರಂತೆ ತರಕಾರಿಗೆ ಹೋಗುತ್ತಿದ್ದರು. ಮಾವ ನೋಡಿಯೂ ನೋಡದಂತಿದ್ದರು. ಗಂಡ ಹೆಂಡಿರ ನಡುವೆ ಅದೊಂದು ಬೇರೆ ಯುದ್ಧ.

ಬೇಲು ಬರುವ ಹಿಂದಿನ ದಿನ ಅಂಚೆ ಅಜ್ಜ ಮತ್ತೆ ಬಂದರು, ತೋಳಿನ ಮೇಲೆ ಒಂದು ಬೂದು ಬಣ್ಣದ ಕೋಟು. "ನಾನು ಕುಗ್ಗಿಹೋದೆ ಕಣಮ್ಮ, ಕೋಟು ಹಾಗೇ ಇದೆ. ಯಾರಾದ್ರೂ ಗಟ್ಟಿಮುಟ್ಟಾದವರು ಹಾಕ್ಕೊಳ್ಲಿ" ಎಂದರು. ಕೆಂಡಕ್ಕ ಕಂಕುಳ ಹೊಲಿಗೆಗೆ ಹೆಬ್ಬೆರಳಿಟ್ಟು ಜಗ್ಗಿದಳು. ಮಿಸುಕಲಿಲ್ಲ. ಪೆಟ್ಟಿಗೆ ಕಾಯಿಸಿ, ಒದ್ದೆ ಬಟ್ಟೆ ಹಾಸಿ ಒತ್ತಿದಳು. ಉಗಿ ಎದ್ದಿತು, ಕೋಟಿಗೇನೂ ಆಗಲಿಲ್ಲ. ಕಾಲರಿಗೆ ಇಸ್ತ್ರಿ ಹಾಕಲು ಮಗುಚಿದಾಗ ಅವಳ ಕೈ ನಿಂತದ್ದು ನನಗೆ ಗಾಜಿನಿಂದ ಕಂಡಿತು. ಆಮೇಲೆ ಕೋಟನ್ನು ಹಗ್ಗಕ್ಕೆ ಹಾಕಿದಳು, ಸರಿಯಾಗಿ ನಮ್ಮ ಅಂಗಡಿಯ ಎದುರಿಗೆ. ಬೇಕೆಂದೇ ಅಲ್ಲಿ ಹಾಕಿದೆಯಾ ಎಂದು ಮುಂದೆ ಎಷ್ಟೋ ಸಲ ಕೇಳಿದ್ದೇನೆ. "ಜಾಗ ಅಲ್ಲೇ ಖಾಲಿ ಇತ್ತು" ಎನ್ನುವುದು ಬಿಟ್ಟರೆ ಬೇರೆ ಉತ್ತರ ಸಿಕ್ಕಿಲ್ಲ.

ಮಾವ ಗಲ್ಲಾದಲ್ಲಿ ಕುಳಿತಿದ್ದರು. ತಲೆ ಎತ್ತಿದರು, ನೋಡಿದರು, ಎದ್ದರು. ಚಪ್ಪಲಿ ಹಾಕುವುದನ್ನೂ ಮರೆತು ಹೊರಗೆ ಹೋಗಿ ಕೋಟಿನ ಕಾಲರು ಮಗುಚಿದರು. ಕೆಳಗೆ ಮೂರು ಕೆಂಪು ಹೊಲಿಗೆ. ದರ್ಜಿಯಾಗಿದ್ದಾಗ ಮಾವ ತಾವು ಹೊಲಿದದ್ದಕ್ಕೆಲ್ಲ ಕಾಲರಿನಡಿ ಯಾರಿಗೂ ಕಾಣದಂತೆ ಹಾಕುತ್ತಿದ್ದ ಗುರುತು ಅದು. ಅವರು ಕೋಟಿನ ತೋಳಿನ ಮೇಲೆ ಕೈಯಾಡಿಸಿದರು, ಜೇಬಿನೊಳಗೆ ಬೆರಳು ಹಾಕಿ ನೋಡಿದರು, ಒಳಪದರದ ಅಸ್ತರಿನ ಮೂಲೆ ಎತ್ತಿ ನೋಡಿದರು.

"ನಂದು" ಎಂದರು. "ಇದು ನಾನೇ ಒಬ್ಬನೇ ಕತ್ತರಿಸಿ ಹೊಲಿದ ಮೊದಲ ಕೋಟು. ತೋಳು ಕೂರಿಸೋಕೆ ನಾಲ್ಕು ಸಲ ಬಿಚ್ಚಿದ್ದೆ." ಹಗ್ಗದಿಂದ ತೆಗೆದು ಮಡಿಸಿಕೊಂಡರು.

"ಮಾವ, ಬದಲಿಗೆ?" ಎಂದಳು ಕೆಂಡಕ್ಕ.

"ಏನೇ ಬದಲಿಗೆ? ನಾನು ಹೊಲಿದದ್ದು!"

"ಹೊಲಿದದ್ದಕ್ಕೆ ಕೂಲಿ ಆಗ್ಲೇ ತಗೊಂಡಿದ್ದೀರಿ. ಈಗ ಅದು ಹಗ್ಗದ್ದು. ಒಂದು ಹಾಕಿ, ಒಂದು ತಗೊಳ್ಳಿ. ಎಲ್ಲರಿಗೂ ಇರೋದೇ ನಿಮಗೂ."

ಸಲೂನಿನವನು ಬಾಗಿಲಿಗೆ ಬಂದು ನಿಂತಿದ್ದ, ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ. ಮಾವ ಕೋಟನ್ನು ಮೇಜಿನ ಮೇಲಿಟ್ಟು ಅಂಗಡಿಗೆ ನುಗ್ಗಿ, ಕೈಗೆ ಸಿಕ್ಕ ಹೊಸ ಅಂಗಿ ಎಳೆದುಕೊಂಡು ಹೋದರು. ಚೀಟಿ ಇನ್ನೂ ತೂಗುತ್ತಿತ್ತು. ಕೆಂಡಕ್ಕ ಹೆಬ್ಬೆರಳಿಟ್ಟಳು. ಪರ್ರ್ ಎಂದಿತು. ಮತ್ತೊಂದು ತಂದರು. ಪರ್ರ್. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ, ನಮ್ಮಲ್ಲಿರುವುದರಲ್ಲೇ ದುಬಾರಿಯಾದದ್ದನ್ನು ತಂದರು. ಅದು ಸದ್ದೂ ಮಾಡದೆ ಬಿಟ್ಟುಕೊಂಡಿತು.

ಮಾವ ನನ್ನ ಕಡೆ ತಿರುಗಿದರು. "ನಿಂತು ಏನು ನೋಡ್ತಿದ್ದೀಯ? ಒಳಗೆ ಹೋಗಿ ಗಟ್ಟಿ ಇರೋದೊಂದು ತಗೊಂಡು ಬಾ!"

ನಾನು ಒಳಗೆ ಹೋದೆ. ಗೋಡೆಯಿಂದ ಗೋಡೆಗೆ ಬಟ್ಟೆ. ದಿನವೂ "ತಗೊಳ್ಳಿ, ಒಳ್ಳೇ ಮಾಲು" ಎಂದು ನಾನೇ ಹೊಗಳಿ ಮಾರುವ ಅಂಗಿ, ಕೋಟು, ಫ್ರಾಕು. ಒಂದೊಂದನ್ನೂ ಮುಟ್ಟುತ್ತ ನಡೆದೆ. ಕೆಂಡಕ್ಕನ ಮೂಲೆ ಉಳಿಯುವುದು ಅಳಿಯುವುದು ಈ ಗಳಿಗೆಯಲ್ಲಿದೆ ಎಂದು ಗೊತ್ತಿತ್ತು. ನನ್ನ ಕೆಲಸವೂ. ಏನೋ ಒಂದು ಎತ್ತಿಕೊಂಡು ಹೋಗಿ ಕೊಟ್ಟರೆ ತಪ್ಪು ಬಟ್ಟೆಯದಾಗುತ್ತಿತ್ತು, ನಾನು ಬಚಾವು. ಆದರೆ ಹೊಟ್ಟೆಯಲ್ಲಿ ಅಷ್ಟು ದಿನ ನುಂಗಿಟ್ಟಿದ್ದ ಕೋಪ ನನ್ನನ್ನು ಬರಿಗೈಯಲ್ಲೇ ಹೊರಗೆ ತಂದು ನಿಲ್ಲಿಸಿತು.

"ಇಲ್ಲ ಮಾವ" ಎಂದೆ. "ನಮ್ಮ ಅಂಗಡೀಲಿ ಅಂಥದ್ದು ಒಂದೂ ಇಲ್ಲ."

ಸಲೂನಿನವನು ಕೈಯಲ್ಲಿದ್ದ ಕ್ಷೌರದ ಕತ್ತಿ ಮಡಿಸಿದ. ಮಾವ ನನ್ನನ್ನು ನೋಡಿದರು, ಬೋರ್ಡನ್ನು ನೋಡಿದರು, ಮೇಜಿನ ಮೇಲಿನ ಕೋಟನ್ನು ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಮೆಟ್ಟಿಲು ಹತ್ತಿ ಮನೆಗೆ ಹೋಗಿಬಿಟ್ಟರು. ಬರಿಗಾಲಲ್ಲಿ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಸದ್ದು ಬಂತು. ಮೊದಲು ಏನನ್ನೋ ಎಳೆದದ್ದು, ಆಮೇಲೆ ಅತ್ತೆಯ ದನಿ, "ಎಣ್ಣೆ ಹಾಕ್ರೀ ಮೊದ್ಲು, ತುಕ್ಕು ಹಿಡಿದಿದೆ!" ಆಮೇಲೆ ಹೊಲಿಗೆ ಯಂತ್ರ. ನಿಂತು ನಿಂತು, ಮುಗ್ಗರಿಸಿ, ಮತ್ತೆ ಹೊರಟು. ಕೆಂಡಕ್ಕ ಮೇಲೆ ನೋಡಲಿಲ್ಲ. ಕೋಟನ್ನು ಮತ್ತೆ ಹಗ್ಗಕ್ಕೆ ಹಾಕಿದಳು. ಆ ಮಧ್ಯಾಹ್ನ ಅದನ್ನು ಕೇಳಿ ಬಂದವರಿಗೆಲ್ಲ "ಮಾತಾಗಿದೆ" ಎಂದಳು.

ಮರುದಿನ ಬೆಳಿಗ್ಗೆ ಮಾವ ಇಳಿದು ಬಂದರು. ಕಣ್ಣು ಕೆಂಪು, ಹೆಬ್ಬೆರಳಿಗೆ ಸೂಜಿ ಚುಚ್ಚಿದ ಗಾಯ. ಕೈಯಲ್ಲಿ ತಿಳಿ ಹಳದಿಯ ಒಂದು ಹತ್ತಿಯ ಅಂಗಿ, ಹೆಂಗಸರದು, ದರ್ಜಿ ಕಾಲದಲ್ಲಿ ಉಳಿದ ಬಟ್ಟೆಯ ತಾನಿನಿಂದ ಕತ್ತರಿಸಿದ್ದು. ಮೇಜಿನ ಮೇಲೆ ಇಟ್ಟರು. ಕೆಂಡಕ್ಕ ಬೇರೆಯವರದನ್ನು ಜಗ್ಗುವಷ್ಟೇ ಜಗ್ಗಬಹುದಿತ್ತು. ಮಾವನದೆಂದು ಬಿಡಲಿಲ್ಲ, ಮೇಜಿಗೆ ಮೊಣಕಾಲು ಕೊಟ್ಟು ಜಗ್ಗಿದಳು. ಹೊಲಿಗೆ ತಡೆಯಿತು. ಕೆಂಡದ ಪೆಟ್ಟಿಗೆ ಎತ್ತಿ ಬೆನ್ನಿನ ಮೇಲೆ ಎಳೆದಳು, ಬಟ್ಟೆ ತಡೆಯಿತು. ಕಾಲರು ಮಗುಚಿದಳು. ಮೂರು ಕೆಂಪು ಹೊಲಿಗೆ, ಸ್ವಲ್ಪ ಸೊಟ್ಟ.

"ಕೈ ನಡುಗುತ್ತೆ ಈಗ" ಎಂದರು ಮಾವ.

"ನಡುಗಲಿ ಮಾವ. ಹಿಡಿತ ಇದೆ" ಎಂದಳು. ಅಂಗಿಯನ್ನು ಹಗ್ಗಕ್ಕೆ ಹಾಕಿ, ಕೋಟು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಕೇಳಿದರೆ ಹೊಗೆ ಎನ್ನುತ್ತಾಳೆ.

ಅಷ್ಟು ಹೊತ್ತಿಗೆ ಬೇಲಿನ ಲಾರಿ ಬಂತು. ಎಲ್ಲಿ ಇಳಿಸಲಿ ಎಂದು ಲಾರಿಯವನು ಮೂಲೆಯ ಕಡೆ ಕೈ ತೋರಿಸಿದ. ಮಾವ ಕೋಟು ತೊಟ್ಟು ನಿಂತಿದ್ದರು, ತೋಳು ಬೆರಳನ್ನೂ ಮುಚ್ಚುತ್ತಿತ್ತು. "ಅಲ್ಲಿ ಜನ ಕೆಲಸ ಮಾಡ್ತಿರೋದು ಕಾಣಲ್ವಾ? ಒಳಗೆ ಇಳ್ಸು!" ಎಂದು ಗದರಿದರು. ಸಂಜೆಗೆ ಹೊಸ ವೈರು ತರಿಸಿ ತಾವೇ ಹಿಡಿದುಕೊಂಡು ಬಂದರು.

"ಬೇಡ ಮಾವ" ಎಂದಳು ಕೆಂಡಕ್ಕ. "ಕೊಟ್ಟದ್ದನ್ನ ಕತ್ತರಿಸಬಹುದು ಅಂತ ಗೊತ್ತಾದ ಮೇಲೆ ಬೇಡ. ಕೆಂಡ ನಂದೇ. ಏನಾದ್ರೂ ಕೊಡಲೇಬೇಕು ಅಂತಿದ್ರೆ ನಿಮ್ಮ ಬೋರ್ಡಿನ ಪಕ್ಕ ಒಂದು ಮೊಳೆ ಹೊಡೆಸಿ. ಹಗ್ಗ ಸಾಲ್ತಿಲ್ಲ."

ಮಾವ ಹಲ್ಲು ಕಡಿದರು. ಮೊಳೆ ಬರಲು ಕೆಲವು ದಿನ ಹಿಡಿಯಿತು, ಆದರೆ ಬಂತು. ಈಗ 'ಹಳೆಯದನ್ನು ಎಸೆಯಿರಿ' ಎಂಬ ಕೆಂಪು ಅಕ್ಷರದ ಮುಂದೆಯೇ ಹಳೆಯ ಬಟ್ಟೆಗಳು ತೂಗುತ್ತವೆ. ಅಂಗಡಿ ಮುಚ್ಚಿಲ್ಲ, ಬೇಲು ಮೊದಲಿನಷ್ಟು ಬರುವುದಿಲ್ಲ, ಮಧ್ಯಾಹ್ನದ ಹೊತ್ತು ಮಹಡಿಯಿಂದ ಯಂತ್ರದ ಸದ್ದು ಬರುತ್ತದೆ.

ಆ ಹಳದಿ ಅಂಗಿ? ಅಂದೇ ಕೆಂಡಕ್ಕ ಅದನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಬಾರೇ ಇಲ್ಲಿ" ಎಂದಳು. ಭುಜಕ್ಕೆ ಹಿಡಿದು ನೋಡಿದರೆ ನನ್ನದೇ ಅಳತೆ. ಟೇಪು ಹಿಡಿಯದೆ, ಕೌಂಟರಿನ ಹಿಂದೆ ನಿಲ್ಲುವ ನನ್ನನ್ನು ದಿನವೂ ಕಂಡ ಕಣ್ಣಿನ ಅಳತೆಯಲ್ಲೇ ಮಾವ ಕತ್ತರಿಸಿದ್ದರು, ಎಲ್ಲರೆದುರು ನಾನು "ಇಲ್ಲ" ಎಂದ ಅದೇ ದಿನ. ನನ್ನ ಕಂದು ಸ್ವೆಟರು ಹಗ್ಗಕ್ಕೆ ಹಾಕಿ ಅದನ್ನು ತೊಟ್ಟುಕೊಂಡೆ.

ಅದನ್ನು ತೊಟ್ಟೇ ಅಂಗಡಿಯಲ್ಲಿ ನಿಲ್ಲುತ್ತೇನೆ. ಗಿರಾಕಿಗಳು ಸ್ಟ್ಯಾಂಡುಗಳನ್ನೆಲ್ಲ ತಡಕಾಡಿ ಕೊನೆಗೆ ನನ್ನ ಮೈಮೇಲೆ ಕಣ್ಣು ನೆಟ್ಟು, "ಇಂಥದ್ದು ಎಲ್ಲಿದೆ?" ಎನ್ನುತ್ತಾರೆ. ನಾನು ಬಾಗಿಲಾಚೆಗೆ ಬೆರಳು ತೋರಿಸುತ್ತೇನೆ. "ಅಲ್ಲಿ, ಹಗ್ಗದ ಮೇಲೆ. ಆದ್ರೆ ಬರಿಗೈಯಲ್ಲಿ ಹೋಗಬೇಡಿ, ಆಕೆ ಕೊಡಲ್ಲ." ಗಲ್ಲಾದಲ್ಲಿ ಕೂತ ಮಾವ ಕೆಮ್ಮುತ್ತಾರೆ. ಬೈಯುವುದಿಲ್ಲ.